ಬಂದೂಕು ಯಾರ ಕೈಲಿದೆ?

(ದೊಡ್ಡಬಳ್ಳಾಪುರದ ವಿದ್ಯಾರ್ಥಿನಿಲಯವೊಂದರಲ್ಲಿ ಭಾನುವಾರ ಸಂಜೆ ಆಡಿದ ಮಾತು. ಆಡಿದ ಹಾಗೇ ಬರೆದುಕೊಂಡಿದ್ದೇವೆ, ಅಲ್ಲಲ್ಲಿ ಮಾತ್ರ ತಿದ್ದಿದ್ದೇವೆ.)



ಹೋದ ತಿಂಗಳು ನಮ್ಮ ಹಾಸ್ಟೆಲ್ಲಿನ ಇಬ್ಬರು ಹುಡುಗರು ಒಂದು ಚರ್ಚಾಸ್ಪರ್ಧೆಗೆ ಹೋಗಿದ್ದರು. ಆತ್ಮರಕ್ಷಣೆಗೆ ಶಸ್ತ್ರ ಹೊಂದುವುದು ಪ್ರತಿ ಪ್ರಜೆಯ ಹಕ್ಕಾಗಬೇಕು ಅನ್ನೋದು ವಿಷಯ. ಚೀಟಿ ಎತ್ತಿದಾಗ ಒಬ್ಬನಿಗೆ ಪರ ಬಂತು, ಇನ್ನೊಬ್ಬನಿಗೆ ವಿರೋಧ. ಇಬ್ಬರೂ ಚೆನ್ನಾಗಿಯೇ ಮಾತಾಡಿದರಂತೆ. ಅಮೆರಿಕದ ಶಾಲೆಗಳಲ್ಲಿ ಮಕ್ಕಳನ್ನು ಕೊಂದದ್ದು, ಅಲ್ಲಿನ ಸಂವಿಧಾನದ ಎರಡನೇ ತಿದ್ದುಪಡಿ, ಬುದ್ಧ, ಗಾಂಧಿ ಎಲ್ಲ ಬಂದರಂತೆ. ವಿರೋಧ ಮಾತಾಡಿದವನಿಗೆ ಒಂದು ಸ್ಟೀಲ್ ಲೋಟ ಬಹುಮಾನವೂ ಬಂತು. ವಾಪಸ್ ಬರುವಾಗ ಬಸ್ಸಿನಲ್ಲಿ ಲೋಟ ಗೆದ್ದವನು ಸೋತವನನ್ನು ಕೇಳಿದ: "ಲೇ, ನಿಜ ಹೇಳು, ನಮ್ಮೂರಲ್ಲಿ ಬಂದೂಕ ಯಾರ್ಯಾರ ಮನೇಲೈತೆ?" ಇಬ್ಬರೂ ಬೆರಳು ಮಡಿಸಿ ಎಣಿಸಿದರು. ಮೂರು ಮನೆ. ಮೂರೂ ಊರಿನೊಳಗೆ. ಕೇರಿಯಲ್ಲಿ ಸೊನ್ನೆ. ಆ ಎಣಿಕೆ ವೇದಿಕೆಯ ಮೇಲೆ ಯಾಕೆ ಬಾಯಿಗೆ ಬರಲಿಲ್ಲ ಅಂತ ಇಬ್ಬರಿಗೂ ಬೇಜಾರಾಯಿತು. ಇವತ್ತಿನ ಈ ಮಾತು ಅಲ್ಲಿಂದ ಹುಟ್ಟಿದ್ದು.

ನಾವು ಮೊದಲು ನೋಡಿದ ಬಂದೂಕು ಗೋಡೆಯ ಮೇಲಿತ್ತು. ಇಲ್ಲಿ ಕೂತಿರುವ ಬಹಳ ಜನ ನೋಡಿದ್ದೂ ಹಾಗೆಯೇ ಇರಬೇಕು. ದೊಡ್ಡ ಮನೆಯ ಪಡಸಾಲೆ, ಗೋಡೆಗೆ ಎರಡು ಗೂಟ, ಅದರ ಮೇಲೆ ಅಡ್ಡಕ್ಕೆ ಜೋಡಿ ನಳಿಗೆಯ ತುಪಾಕಿ. ನಾವು ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಬೇಕು, ಜಗಲಿ ಹತ್ತುವ ಹಾಗಿಲ್ಲ. ಕೂಲಿ ಬಾಕಿ ಕೇಳೋಕೆ ಹೋದ ಅಪ್ಪಂದಿರೂ ಮಾತಾಡುವಾಗ ಒಂದು ಕಣ್ಣು ಅದರ ಮೇಲೇ ಇಟ್ಟಿರೋರು. ಅದು ಹಾರಿದ್ದನ್ನು ನಾವು ಕಂಡವರಲ್ಲ. ಆಯುಧಪೂಜೆ ದಿನ ಇಳಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಅರಿಶಿನ ಕುಂಕುಮ ಇಟ್ಟು ಮತ್ತೆ ಏರಿಸೋರು. ಅದೇ ದಿನ ಕೇರಿಯಲ್ಲಿ ಮಚ್ಚು, ಕುಡುಗೋಲು, ಹಾರೆ, ಗುದ್ದಲಿ, ಉಳಿ, ರಂಪಿಗೆ ತೊಳೆದು ಸಾಲಾಗಿ ಇಡೋರು. ಎರಡು ಕಡೆಯ ಊದುಬತ್ತಿಯೂ ಒಂದೇ ಅಂಗಡಿಯದು.

ಊರು ಕಾಯುವ ಕೆಲಸ ಮಾತ್ರ ನಮ್ಮವರದೇ ಆಗಿತ್ತು, ನೋಡಿ. ತಳವಾರ, ತೋಟಿ ಅಂತ ರಾತ್ರಿಯೆಲ್ಲ ಗಸ್ತು ತಿರುಗಿದವರು ನಮ್ಮ ತಾತಂದಿರು. ಕೈಯಲ್ಲಿ ಒಂದು ಕೋಲು, ಒಂದು ಲಾಟೀನು. ಕಳ್ಳ ಬಂದರೆ ಮೊದಲ ಏಟು ತಿನ್ನುವವನೂ ಅವನೇ, ಕಳವಾದರೆ ಮೊದಲ ಏಟು ತಿನ್ನುವವನೂ ಅವನೇ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಆ ಚಾಕರಿಯನ್ನು ಕಾಗದದಲ್ಲಿ ತೆಗೆಯಿತು. ಹಂದಿ ಬೇಟೆಗೂ ಹಾಗೇ. ಪೊದೆಗೆ ನುಗ್ಗಿ ತಮಟೆ ಬಡಿದು ಹಂದಿ ಎಬ್ಬಿಸೋದು ನಮ್ಮವರು, ಬಯಲಲ್ಲಿ ಕೂತು ಹೊಡೆಯೋದು ಅವರು. ಮಾಂಸ ಪಾಲು ಮಾಡುವಾಗ ಬಂದೂಕಿಗೇ ಒಂದು ಬೇರೆ ಪಾಲು ಇರುತ್ತಿತ್ತು ಅಂತ ತಾತ ಹೇಳೋರು. ತಮಟೆಗೆ ಇರಲಿಲ್ಲವಾ ಅಂತ ಕೇಳಿದರೆ ನಗೋರು.

ಹಾಗಾಗಿ ಬಂದೂಕಿನ ಹಕ್ಕು ಅನ್ನುವ ಮಾತು ಬಂದ ಕೂಡಲೇ ನಾವು ಮೊದಲು ಕೇಳಬೇಕಾದ್ದು, ಈ ನೆಲದಲ್ಲಿ ಆ ಹಕ್ಕನ್ನು ಯಾರಿಂದ ಕಿತ್ತುಕೊಂಡರು, ಯಾರ ಹತ್ತಿರ ಉಳಿಸಿದರು ಅಂತ.

ಹಲಗಲಿಯ ಬೇಡರ ಕಥೆಯನ್ನು ನೀವು ಪಠ್ಯದಲ್ಲಿ ಓದಿದ್ದೀರಿ. ಲಾವಣಿ ಬಾಯಿಪಾಠ ಮಾಡಿ ನಾಲ್ಕು ಅಂಕ ತೆಗೆದು ಮರೆತಿದ್ದೀರಿ. ಇವತ್ತಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರದ ಹಳ್ಳಿ ಅದು. 1857ರಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಕಂಪನಿ ಸರ್ಕಾರ ಜನರ ಆಯುಧ ಕಸಿಯುವ ಕಾಯಿದೆ ತಂದಿತು. ಹತಾರ ತಂದು ಒಪ್ಪಿಸಿ, ಇಟ್ಟುಕೊಳ್ಳಬೇಕಾದರೆ ಅಪ್ಪಣೆ ತಗೊಳ್ಳಿ ಅಂತ. ಬೇಡರಿಗೆ ಹತಾರ ಅಂದರೆ ಹೊಟ್ಟೆ. ಬೇಟೆಯೇ ಬದುಕು. ಕೊಡಲ್ಲ ಅಂದರು. ದಂಡು ಬಂತು, ಊರಿಗೆ ಬೆಂಕಿ ಇಟ್ಟಿತು, 19 ಜನರನ್ನು ನೇಣಿಗೆ ಹಾಕಿದರು. ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ, ಮನೆಯವರು ನೋಡುವ ಹಾಗೆ. ಆಮೇಲೆ 1878ರಲ್ಲಿ ಇಡೀ ದೇಶಕ್ಕೆ ಶಸ್ತ್ರ ಕಾಯಿದೆ ಬಂತು. ಯುರೋಪಿಯನ್ನರಿಗೆ ಅದರಲ್ಲಿ ವಿನಾಯಿತಿ. ಇದಕ್ಕೂ ಮೊದಲೇ, 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದಿತ್ತು. ಬೇಟೆಯಾಡಿ, ಉಪ್ಪು ಹೊತ್ತು, ಬುಟ್ಟಿ ಹೆಣೆದು ತಿರುಗಾಡುತ್ತಿದ್ದ ಜಾತಿಗಳು ಹುಟ್ಟಿನಿಂದಲೇ ಕಳ್ಳರು ಅಂತ ಬರೆದರು. ಒಬ್ಬನ ಕೈಯಿಂದ ಹತಾರ ಕಿತ್ತ ಸರ್ಕಾರ ಮುಂದೆ ಅವನ ಹೆಸರನ್ನೂ ಠಾಣೆಯ ಪುಸ್ತಕಕ್ಕೆ ಬರೆದುಕೊಳ್ಳುತ್ತದೆ ಅನ್ನೋದನ್ನ ನೆನಪಿಡಿ. ಈ ಮಾತು ಮುಂದೆ ಬೇಕಾಗುತ್ತೆ.

ಅದೇ ಕಾಲದಲ್ಲಿ ಅದೇ ಬ್ರಿಟಿಷರು ಇನ್ನೊಂದು ಕಡೆ ಏನು ಮಾಡಿದರು? 1861ರಲ್ಲಿ ಕೊಡವರಿಗೆ ಈ ಕಟ್ಟಳೆಯಿಂದ ವಿನಾಯಿತಿ ಕೊಟ್ಟರು. ನಿಷ್ಠೆಗೆ ಇನಾಮು. ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರಾಸ್ತ್ರ ಕಾಯಿದೆ ಬಂತು. ಅದರ ಕೆಳಗೆ 1963ರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಮುಂದುವರೆಯಿತು. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು. ಒಂದು ಜನಕ್ಕೆ, ಒಂದು ಬಗೆಯ ಜಮೀನಿಗೆ ಮಾತ್ರ ಹೀಗೆ ಕೊಡುವುದು ಸಮಾನತೆಗೆ ವಿರೋಧ ಅಂತ ಯಾರೋ ಹೈಕೋರ್ಟಿಗೆ ಹೋದರು. 2021ರಲ್ಲಿ ಹೈಕೋರ್ಟು ವಿನಾಯಿತಿಯನ್ನು ಎತ್ತಿ ಹಿಡಿಯಿತು. ಆ ಕೋವಿಗಳು ದೊಡ್ಡ ಅಪರಾಧಗಳಿಗೆ ಬಳಕೆಯಾಗಿಲ್ಲ ಅನ್ನೋದು ಸರ್ಕಾರ ಕೊಟ್ಟ ಕಾರಣಗಳಲ್ಲಿ ಒಂದು. ಇರಬಹುದು. ಕೊಡವರ ಮೇಲೆ ನಮಗೆ ಸಿಟ್ಟಿಲ್ಲ. ಕೈಲ್‌ಪೊಳ್ದ್ ಅವರ ಹಬ್ಬ, ಕೋವಿ ಅವರ ಮನೆಯ ದೇವರ ಹಾಗೆ. ಆದರೆ ಒಂದು ಮಾತು ಕೇಳಲೇಬೇಕಲ್ಲ. ಕೊಡಗಿನ ಕಾಡಿನಲ್ಲಿ ಅವರಿಗಿಂತ ಹಿಂದಿನಿಂದ ಬೇಟೆಯಾಡುತ್ತಿದ್ದ ಯರವರು, ಜೇನುಕುರುಬರು ಇದ್ದರು. ಅವರ ಬಿಲ್ಲುಬಾಣಕ್ಕೆ ಯಾವ ಸರ್ಕಾರವೂ ಪರಂಪರೆ ಅಂತ ಹೆಸರಿಡಲಿಲ್ಲ. ಜಮ್ಮಾ ಜಮೀನು ಇದ್ದರೆ ಪರಂಪರೆ, ಇಲ್ಲದಿದ್ದರೆ ಕಳ್ಳಬೇಟೆ. ಕೋವಿಯ ಹಿಂದೆ ಯಾವಾಗಲೂ ಒಂದು ಪಹಣಿ ಇರುತ್ತೆ.

ಬಾಬಾಸಾಹೇಬರು ಇದನ್ನೇ 1936ರಲ್ಲಿ ಬರೆದರು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ್ ಕರೆದು, ಬರಹ ಓದಿ ಹೆದರಿ, ಬೇಡ ಅಂದ ಭಾಷಣ. ಈ ದೇಶದಲ್ಲಿ ಕೆಳಗಿನವರು ಯಾಕೆ ದಂಗೆ ಏಳಲಿಲ್ಲ ಅಂತ ಅವರು ತಾವೇ ಕೇಳಿಕೊಳ್ಳುತ್ತಾರೆ. ಚಾತುರ್ವರ್ಣ್ಯ ಅವರ ಕೈಗೆ ಶಸ್ತ್ರ ಸಿಗದ ಹಾಗೆ, ತಲೆಗೆ ವಿದ್ಯೆ ಸಿಗದ ಹಾಗೆ ಕಟ್ಟಿತ್ತು ಅಂತ ಉತ್ತರವನ್ನೂ ಹೇಳುತ್ತಾರೆ. ಯುರೋಪಿನ ಬಡವನಿಗೆ ಸೈನ್ಯ, ಓಟು, ಶಿಕ್ಷಣ ಮೂರೂ ಆಯುಧಗಳಾಗಿ ಒದಗಿದವು, ನಮ್ಮವರಿಗೆ ಮೂರೂ ಇಲ್ಲ. ಇದನ್ನು ಬರೆದವರು ಯಾರು? ಸುಬೇದಾರ್ ರಾಮ್‌ಜಿಯ ಮಗ, 1891ರಲ್ಲಿ ಮಹೂ ದಂಡುಪ್ರದೇಶದಲ್ಲಿ ಹುಟ್ಟಿದವರು. ಮಹಾರರನ್ನು ಸೈನ್ಯಕ್ಕೆ ತಗೊಳ್ಳೋದನ್ನು ಬ್ರಿಟಿಷರು ನಿಲ್ಲಿಸಿದಾಗ ಇಡೀ ಜಾತಿಯ ಬೆನ್ನೆಲುಬು ಹೇಗೆ ಬಗ್ಗಿತು ಅಂತ ಮನೆಯಲ್ಲೇ ಕಂಡವರು. 1941ರಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿಸುವವರೆಗೆ ಅವರು ಬಿಡಲಿಲ್ಲ. ಹಾಗಾಗಿ ಶಸ್ತ್ರದ ಬೆಲೆ ಅವರಿಗೆ ಗೊತ್ತಿರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಆದರೂ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಏನಾಯಿತು ಗೊತ್ತಾ? ಶಸ್ತ್ರ ಹೊಂದುವುದನ್ನು ಮೂಲಭೂತ ಹಕ್ಕು ಮಾಡಿ ಅಂತ ಎಚ್.ವಿ. ಕಾಮತರು ತಿದ್ದುಪಡಿ ತಂದರು. ಅವರು ಮಂಗಳೂರಿನಲ್ಲಿ ಹುಟ್ಟಿದವರು. ಅವರ ಮಾತಿಗೆ ಬುಡವೂ ಇತ್ತು: 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ ಈ ಹಕ್ಕು ಸೇರಿತ್ತು. ಬಾಬಾಸಾಹೇಬರು ಒಪ್ಪಲಿಲ್ಲ. ಒತ್ತಾಯಿಸಬೇಕಾದ್ದು ಶಸ್ತ್ರ ಹಿಡಿಯುವ ಹಕ್ಕನ್ನಲ್ಲ, ದೇಶಕ್ಕೆ ಆಪತ್ತು ಬಂದಾಗ ಶಸ್ತ್ರ ಹಿಡಿಯುವ ಕರ್ತವ್ಯವನ್ನು ಅಂದರು. ತಿದ್ದುಪಡಿ ಬಿದ್ದುಹೋಯಿತು. ಇವತ್ತು ಮೂಲಭೂತ ಹಕ್ಕುಗಳ ಅಧ್ಯಾಯ ತೆಗೆದು ನೋಡಿದರೆ ಆಯುಧದ ಪ್ರಸ್ತಾಪ ಎರಡು ಕಡೆ ಸಿಗುತ್ತೆ. 25ನೇ ವಿಧಿಯಲ್ಲಿ ಸಿಖ್ಖರ ಕಿರ್ಪಾಣ, 19ನೇ ವಿಧಿಯಲ್ಲಿ ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಹಕ್ಕು. ನಾವೀಗ ಇಲ್ಲಿ ಕೂತಿರೋದು ಆ ಎರಡನೆಯದರ ಕೆಳಗೆ.

ಯಾಕೆ ಒಪ್ಪಲಿಲ್ಲ ಅಂತ ನಾವು ನಮ್ಮ ಬುದ್ಧಿಯಿಂದ ಯೋಚಿಸಿದೆವು. ಎಲ್ಲರಿಗೂ ಬಂದೂಕಿನ ಹಕ್ಕು ಅಂದ ದಿನ ಬಂದೂಕು ಕೊಳ್ಳುವ ದುಡ್ಡು, ಅದನ್ನು ಇಡುವ ಮನೆ, ಹಾರಿಸಿದ ಮೇಲೆ ಬಿಡಿಸುವ ವಕೀಲ ಯಾರಿಗಿದ್ದಾರೋ ಅವರಿಗೆ ಅದು ಹಕ್ಕು. ಉಳಿದವರಿಗೆ ಬರೀ ಸಂವಿಧಾನದ ಒಂದು ಸಾಲು.

ಅಮೆರಿಕದಲ್ಲಿ ಹಾಗೇ ಆಗಿದೆ. ಅಲ್ಲಿ 1791ರಿಂದ ಆ ಸಾಲು ಇದೆ. ಆದರೆ ಗುಲಾಮ ಬಂದೂಕು ಮುಟ್ಟುವಂತಿರಲಿಲ್ಲ. 1857ರಲ್ಲಿ, ಹಲಗಲಿಗೆ ಬೆಂಕಿ ಬಿದ್ದ ಅದೇ ವರ್ಷ, ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕರಿಯರು ಪ್ರಜೆಗಳೇ ಅಲ್ಲ ಅಂದಿತು. ಪ್ರಜೆಗಳು ಅಂತ ಒಪ್ಪಿದರೆ ಹೋದಲ್ಲೆಲ್ಲ ಆಯುಧ ಹಿಡಿದು ಓಡಾಡುವ ಹಕ್ಕೂ ಇವರಿಗೆ ಬಂದುಬಿಡುತ್ತದಲ್ಲ ಅನ್ನೋದು ಆ ತೀರ್ಪಿನಲ್ಲಿ ಬರೆದ ಆತಂಕಗಳಲ್ಲಿ ಒಂದು. ನೂರು ವರ್ಷ ಕಳೆದು 1956ರಲ್ಲಿ ಮಾರ್ಟಿನ್ ಲೂಥರ್ ಕಿಂಗರ ಮನೆಗೆ ಬಾಂಬ್ ಹಾಕಿದರು. ಅಹಿಂಸೆಯ ಆ ಮನುಷ್ಯ ಪಿಸ್ತೂಲಿನ ಪರವಾನಗಿಗೆ ಅರ್ಜಿ ಹಾಕಿದರು. ಕೊಡಲಿಲ್ಲ. 1967ರಲ್ಲಿ ಬ್ಲ್ಯಾಕ್ ಪ್ಯಾಂಥರುಗಳು ಕಾನೂನಿನ ಪ್ರಕಾರವೇ ಬಂದೂಕು ಹೆಗಲಿಗೇರಿಸಿ ಕ್ಯಾಲಿಫೋರ್ನಿಯಾದ ಶಾಸನಸಭೆಗೆ ನಡೆದರು. ಬಹಿರಂಗವಾಗಿ ತುಂಬಿದ ಬಂದೂಕು ಒಯ್ಯುವುದನ್ನು ನಿಷೇಧಿಸುವ ಕಾಯಿದೆಗೆ ಅದೇ ವರ್ಷ ರುಜು ಬಿತ್ತು. ರುಜು ಹಾಕಿದ ಗವರ್ನರ್ ರೊನಾಲ್ಡ್ ರೇಗನ್, ಮುಂದೆ ಬಂದೂಕು ಹಕ್ಕಿನವರೇ ಹೊತ್ತು ಮೆರೆಸಿದ ಅಧ್ಯಕ್ಷ! 1972ರಲ್ಲಿ ಬೊಂಬಾಯಿಯ ನಮ್ಮ ದಲಿತ ಪ್ಯಾಂಥರುಗಳು ಆ ಹೆಸರನ್ನು ತಗೊಂಡರು, ಬಂದೂಕನ್ನು ತಗೊಳ್ಳಲಿಲ್ಲ. ಈಗಲೂ ಅಲ್ಲಿ ಕರಿಯನ ಕೈಯಲ್ಲಿ ಬಂದೂಕು ಇದ್ದರೆ ಪೊಲೀಸರಿಗೆ ಅದು ಹಕ್ಕಾಗಿ ಕಾಣೋದಿಲ್ಲ. 2016ರಲ್ಲಿ ಮಿನೆಸೋಟಾದಲ್ಲಿ ಕಾರು ನಿಲ್ಲಿಸಿದ ಪೊಲೀಸನಿಗೆ, ನನ್ನ ಹತ್ತಿರ ಬಂದೂಕಿದೆ ಅಂತ ತಾನಾಗಿಯೇ ಹೇಳಿದ ಫಿಲ್ಯಾಂಡೊ ಕ್ಯಾಸ್ಟೀಲ್ ಸೀಟಿನಲ್ಲೇ ಗುಂಡು ತಿಂದು ಸತ್ತರು. ಪರವಾನಗಿ ಇತ್ತು.

ಅಮೆರಿಕ ಸಾಕು. ನಮ್ಮ ಕೇರಿಗೆ ಬರೋಣ. ಹೆಸರು, ಊರು ಬೇಡ. ಕೇಸು ನಡೀತಾ ಇದೆ.

ಕೇರಿಯವರೆಲ್ಲ ದೊಡ್ಡಪ್ಪ ಅಂತ ಕರೆಯುವ ಹಿರಿಯರೊಬ್ಬರು. ಅವರ ತಂದೆಗೆ ಸರ್ಕಾರ ಮಂಜೂರು ಮಾಡಿದ್ದ ಎರಡು ಎಕರೆ ಚಿಲ್ಲರೆ ಜಮೀನು. ಸಾಗುವಳಿ ಚೀಟಿ ಇನ್ನೂ ಅವರ ಟ್ರಂಕಿನಲ್ಲಿದೆ. ಒಂದು ಬರಗಾಲದಲ್ಲಿ ಮೂರು ಸಾವಿರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರೆಸಿಕೊಂಡರು. 1978ರ ಪಿ.ಟಿ.ಸಿ.ಎಲ್. ಕಾಯಿದೆ ಪ್ರಕಾರ ಇಂಥ ಜಮೀನು ಮಾರಿದ್ದು ಊರ್ಜಿತ ಅಲ್ಲ, ಮೂಲ ಮಂಜೂರುದಾರರಿಗೆ ವಾಪಸ್ ಕೊಡಬೇಕು. ಆದರೆ ಅರ್ಜಿ ಹಾಕೋದು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ಜನರ ಅರ್ಜಿ ಕೋರ್ಟುಗಳಲ್ಲಿ ಬಿದ್ದುಹೋದವು. ಅದಕ್ಕೇ ರಾಜ್ಯದಲ್ಲಿ ದೊಡ್ಡ ಹೋರಾಟ ಆಗಿ, 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತರಿಸಿದ್ದು. ಅಷ್ಟರಲ್ಲಿ 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯೋಕೆ ಶುರುವಾಗಿ ಸುತ್ತಲಿನ ಕಲ್ಲುಗುಡ್ಡೆಗೂ ಕೋಟಿಯ ಮಾತು ಬಂದಿತ್ತು. ದೊಡ್ಡಪ್ಪನ ಕಡೆ ಎ.ಸಿ. ಕೋರ್ಟಿನಲ್ಲಿ ಆದೇಶವಾಯಿತು. ಅವತ್ತು ಕೇರಿಯಲ್ಲಿ ಪಾಯಸ ಮಾಡಿದ್ದೆವು.

ಅಳತೆಗೆ ಸರ್ವೇಯರ್ ಬಂದ ದಿನ ನಾವು ಎಂಟು ಜನ ಜೊತೆಗೆ ಹೋದೆವು. ಅಳತೆ ಶುರು ಮಾಡೋ ಹೊತ್ತಿಗೆ ಒಂದು ಜೀಪು ಬಂತು. ನಾಲ್ಕು ಜನ ಇಳಿದರು. ಬಾನೆಟ್ಟಿನ ಮೇಲೆ ಟವೆಲ್ ಹಾಸಿ ಅದರ ಮೇಲೆ ಬಂದೂಕ ಮಲಗಿಸಿದರು. ಪಕ್ಕದಲ್ಲಿ ಟೀ ಫ್ಲಾಸ್ಕ್. ಬೈಯಲಿಲ್ಲ. ಜಾತಿ ಎತ್ತಲಿಲ್ಲ, ಅದಕ್ಕೆ ಕಾಯಿದೆ ಇದೆ ಅಂತ ಅವರಿಗೂ ಗೊತ್ತು. ಸರ್ವೇಯರಿಗೂ ಒಂದು ಲೋಟ ಟೀ ಕೊಟ್ಟರು. "ಅಳೀರಿ ಸಾರ್, ಆರಾಮಾಗಿ ಅಳೀರಿ. ನಾವು ಹಂದಿ ಕಾಯಾಕೆ ಬಂದಿದ್ದೀವಿ" ಅಂದರು. ಬೆಳಗಿನ ಹನ್ನೊಂದು ಗಂಟೆ, ಸುತ್ತಮುತ್ತ ಒಂದು ಪೈರಿಲ್ಲ. ಸರ್ವೇಯರ್ ಟೀ ಕುಡಿದು, ಇವತ್ತು ಯಂತ್ರ ಸರಿಯಿಲ್ಲ, ಇನ್ನೊಂದು ದಿನ ನೋಟೀಸು ಕೊಡ್ತೀನಿ ಅಂತ ಹೊರಟರು. ಅವರನ್ನೇನು ಬೈಯೋದು, ಅವರಿಗೂ ಹೆಂಡತಿ ಮಕ್ಕಳು.

ತಿರುಗಿ ನೋಡಿದರೆ ದೊಡ್ಡಪ್ಪ ಬರಿಗಾಲಲ್ಲಿ ನಿಂತಿದ್ದರು. ಚಪ್ಪಲಿ ಕೈಯಲ್ಲಿತ್ತು. ತಮ್ಮದೇ ಜಮೀನಿನಲ್ಲಿ. ಯಾವಾಗ ಬಿಟ್ಟರೋ ಅವರಿಗೇ ಗೊತ್ತಿಲ್ಲ. "ಯಾಕೆ ದೊಡ್ಡಪ್ಪ?" ಅಂದರೆ ಕೈ ನೋಡಿಕೊಂಡರು. ಎಪ್ಪತ್ತು ವರ್ಷದ ಅಭ್ಯಾಸ. ಬಂದೂಕ ಕಂಡ ಕೂಡಲೇ ಕಾಲು ತಾನಾಗಿ ಚಪ್ಪಲಿ ಬಿಟ್ಟಿತ್ತು.

ದೂರು ಕೊಡೋಕೆ ಹೋದೆವು. "ಗುಂಡು ಹಾರಿಸಿದರಾ?" ಇಲ್ಲ ಸಾರ್. "ನಿಮ್ಮ ಕಡೆ ಗುರಿ ಇಟ್ಟರಾ?" ಇಲ್ಲ. "ಬೈದರಾ?" ಇಲ್ಲ. "ಅವರಿಗೆ ಲೈಸೆನ್ಸ್ ಐತಲ್ಲಪ್ಪ. ಇನ್ನೇನಂತ ಬರಕೊಳ್ಳಲಿ?" ಯಾವ ಠಾಣೆ ಅಂತ ಕೇಳಬೇಡಿ, ಎಲ್ಲಿ ಹೋಗಿದ್ದರೂ ಇದೇ ಪ್ರಶ್ನೆ ಬರುತ್ತಿತ್ತು. ಗುಂಡು ಹಾರದ ಬಂದೂಕು ಮಾಡುವ ಕೆಲಸಕ್ಕೆ ಠಾಣೆಯ ಭಾಷೆಯಲ್ಲಿ ಹೆಸರಿಲ್ಲ. ಅಮೆರಿಕದವರ ಚರ್ಚೆಯೆಲ್ಲ ಹಾರಿದ ಗುಂಡಿನ ಮೇಲೆ. ನಮ್ಮ ಹಳ್ಳಿಗಳಲ್ಲಿ ಬಂದೂಕು ದುಡಿಯೋದು ಸುಮ್ಮನೆ ಮಲಗಿಕೊಂಡೇ.

ಅವತ್ತು ರಾತ್ರಿ ನಮ್ಮೊಳಗೇ ಜಗಳ. ನಮ್ಮ ವಯಸ್ಸಿನವರು ಐದಾರು ಜನ, ನಾವೂ ಒಂದು ಲೈಸೆನ್ಸ್ ತಗೊಳ್ಳೋಣ ಅಂತ ಹಟ ಹಿಡಿದರು. "ಅವರ ಬಾನೆಟ್ಟಿನ ಮೇಲೆ ಒಂದು, ನಮ್ಮ ಬಂಡೆ ಮೇಲೆ ಒಂದು. ಆಗ ಸರ್ವೇಯರ್ ನೆಟ್ಟಗೆ ಅಳೀತಾನೆ." ಇದನ್ನು ಹುಡುಗಾಟ ಅಂತ ತಳ್ಳಿಹಾಕಬೇಡಿ. ಇದಕ್ಕೆ ಕಾನೂನಿನ ಆಧಾರ ಇದೆ. ಬಹಳ ಜನಕ್ಕೆ ಗೊತ್ತಿಲ್ಲ, ಹಾಗಾಗಿ ನಿಧಾನವಾಗಿ ಹೇಳ್ತೀವಿ, ಬರಕೊಳ್ಳುವವರು ಬರಕೊಳ್ಳಿ.

ಮೊದಲು 1959ರ ಶಸ್ತ್ರಾಸ್ತ್ರ ಕಾಯಿದೆ. ಅದರ 14ನೇ ಕಲಮಿನ ಎರಡನೇ ಉಪಕಲಮು, ಒಬ್ಬನಿಗೆ ಸಾಕಷ್ಟು ಆಸ್ತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಬಾರದು ಅನ್ನುತ್ತೆ. ಅಂದರೆ ಕೂಲಿಯವನೂ ಕೇಳಬಹುದು. ಎರಡನೆಯದು 1989ರ ದೌರ್ಜನ್ಯ ತಡೆ ಕಾಯಿದೆಯ ಕೆಳಗೆ ಬಂದ 1995ರ ನಿಯಮಗಳು. ದೌರ್ಜನ್ಯ ಆದ ಮೇಲೆ ಪರಿಹಾರ ಎಷ್ಟು ಅಂತ ನೋಡೋಕೆ ಮಾತ್ರ ನಾವು ಆ ಪುಸ್ತಕ ತೆಗೀತೀವಿ. ಮೂರನೇ ನಿಯಮ ಓದಿ, ಅದು ಆಗುವ ಮುಂಚಿನದು. ದೌರ್ಜನ್ಯ ಆಗಬಹುದು ಅನ್ನುವ ಪ್ರದೇಶಗಳನ್ನು ಸರ್ಕಾರ ಗುರುತಿಸಬೇಕು. ಜಿಲ್ಲಾಧಿಕಾರಿ, ಎಸ್.ಪಿ. ಅಲ್ಲಿಗೆ ಹೋಗಿ ಪರಿಸ್ಥಿತಿ ನೋಡಬೇಕು. ಅಗತ್ಯ ಕಂಡರೆ ಆ ಪ್ರದೇಶದಲ್ಲಿ ಪರಿಶಿಷ್ಟರಲ್ಲದವರ, ಅವರ ಹತ್ತಿರದ ನೆಂಟರ, ಆಳುಕಾಳುಗಳ, ಮನೆಯ ಸ್ನೇಹಿತರ ಬಂದೂಕು ಪರವಾನಗಿ ರದ್ದು ಮಾಡಿ ಬಂದೂಕುಗಳನ್ನು ಸರ್ಕಾರದ ಆಯುಧಾಗಾರದಲ್ಲಿ ಜಮಾ ಮಾಡಿಸಬೇಕು. ಕಳ್ಳ ಬಂದೂಕುಗಳನ್ನು ವಶಪಡಿಸಿಕೊಳ್ಳಬೇಕು. ಅದಾದ ಮೇಲೆ, ಅಗತ್ಯ ಕಂಡರೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಜೀವ ಆಸ್ತಿ ರಕ್ಷಣೆಗಾಗಿ ಬಂದೂಕು ಪರವಾನಗಿ ಕೊಡಬೇಕು.

ಇದನ್ನು ಓದಿ ಹೇಳಿದಾಗ ಹುಡುಗರು ಕುಣಿದರು. "ಕಾನೂನೇ ಕೊಡು ಅಂತೈತೆ, ನೀವ್ಯಾಕೆ ತಡೀತೀರಿ?"

ತಡೆಯೋಕೆ ನಮಗಿದ್ದ ಕಾರಣಗಳನ್ನು ಹೇಳ್ತೀವಿ. ಮೊದಲು ಸಣ್ಣದು. ಬಂದೂಕು ಬೀಗದೊ‌ಳಗೆ ಭದ್ರವಾಗಿ ಇಡಬೇಕು. ನಮ್ಮ ಜನತಾ ಮನೆಯಲ್ಲಿ ಬೀಗ ಹಾಕುವ ಜಾಗ ಅಂದರೆ ದೊಡ್ಡಪ್ಪನ ಆ ಟ್ರಂಕು. ಅದರಲ್ಲಿ ಸಾಗುವಳಿ ಚೀಟಿ, ಸತ್ತ ದೊಡ್ಡಮ್ಮನ ಒಂದು ಸೀರೆ. ಬಂದೂಕು ಅದರಲ್ಲಿ ಹಿಡಿಸೋದೂ ಇಲ್ಲ. ಕೊಂಡುಕೊಳ್ಳುವ ದುಡ್ಡಿಗೆ ಯಾರ ಹತ್ತಿರ ಸಾಲ ಮಾಡೋದು? ಸಾಲ ಕೊಡುವವರೂ ಆ ಜೀಪಿನವರ ನೆಂಟರೇ.

ಇನ್ನೊಂದು ದೊಡ್ಡದು. ಆಗಲೇ ಹೇಳಿದೆವಲ್ಲ, ಠಾಣೆಯ ಪುಸ್ತಕ. ಕೇರಿಯ ಹುಡುಗನ ಹೆಸರಿನಲ್ಲಿ ಒಂದು ಬಂದೂಕು ಬಂದ ದಿನದಿಂದ ಸುತ್ತ ಹತ್ತು ಹಳ್ಳಿಯಲ್ಲಿ ಏನೇ ಆಗಲಿ, ಮೊದಲು ಅವನನ್ನೇ ಕರೆಸುತ್ತಾರೆ. ಜಮೀನಿನ ಹತ್ತಿರ ಇನ್ನೊಂದು ಸಲ ಎದುರುಬದುರಾದರೆ ಅವರ ಬಂದೂಕು ಹಂದಿಗೆ, ನಮ್ಮ ಬಂದೂಕು ಕೊಲೆಯತ್ನಕ್ಕೆ. ಬಿಹಾರ ನೋಡಿ. ಜಮೀನುದಾರರು ಖಾಸಗಿ ಸೇನೆ ಕಟ್ಟಿದರು, ಬಡವರ ಕಡೆಯೂ ಬಂದೂಕು ಹಿಡಿದವರಿದ್ದರು. 1997ರ ಡಿಸೆಂಬರ್ 1ರ ರಾತ್ರಿ ಲಕ್ಷ್ಮಣಪುರ ಬಾಥೆಯಲ್ಲಿ 58 ಜನರನ್ನು ಕೊಂದರು, ಹೆಂಗಸರು ಕೂಸುಗಳು ಸೇರಿ. ಸತ್ತವರು ಬಂದೂಕು ಹಿಡಿದವರಲ್ಲ, ಮಲಗಿದ್ದವರು. 2013ರಲ್ಲಿ ಪಾಟ್ನಾ ಹೈಕೋರ್ಟು 26 ಜನರನ್ನೂ ಬಿಟ್ಟಿತು. ನಮ್ಮ ಪಕ್ಕದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನರನ್ನು ಮನೆಯೊಳಗೆ ಸುಟ್ಟರಲ್ಲ, ಅಲ್ಲಿ ಬಂದೂಕೇ ಬೇಕಾಗಲಿಲ್ಲ. ಹೊರಗಿನ ಚಿಲಕ, ಬೆಂಕಿಕಡ್ಡಿ ಸಾಕಾಯಿತು. ಒಳಗೆ ಒಂದು ಬಂದೂಕಿದ್ದಿದ್ದರೆ ಏನಾಗುತ್ತಿತ್ತು? ಹುಡುಗರು ಕೇಳಿದರು. ಒಬ್ಬರಾದರೂ ಬದುಕುತ್ತಿದ್ದರೋ ಏನೋ. ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅಲ್ಲಿಯೂ 2014ರಲ್ಲಿ ಹೈಕೋರ್ಟು ಆರೋಪಿಗಳ ಬಿಡುಗಡೆಯನ್ನೇ ಎತ್ತಿಹಿಡಿಯಿತು ಅನ್ನೋದನ್ನ ನೆನೆದರೆ ಬಾಯಿ ಕಟ್ಟಿಹೋಗುತ್ತೆ.

ಮತ್ತೊಂದನ್ನು ಹಾಸ್ಟೆಲ್ಲಿನಲ್ಲಿ ಹೇಳೋಕೆ ಹಿಂಜರಿಕೆ, ಆದರೂ ಹೇಳ್ತೀವಿ. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ 48,830 ಜನ ಸತ್ತರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಕಳ್ಳನಿಗೆ ಅಂತ ತಂದು ಇಟ್ಟದ್ದು ಮನೆಯವರನ್ನೇ ತಿಂದಿತು. ಫೇಲಾದ ರಾತ್ರಿ, ಸ್ಕಾಲರ್‌ಶಿಪ್ ಬಾರದ ತಿಂಗಳು, ಯಾರೋ ಜಾತಿ ಕೇಳಿದ ದಿನ ನಮಗೆಲ್ಲ ಗೊತ್ತಿದೆ. ಅಂಥ ರಾತ್ರಿ ಪಕ್ಕದಲ್ಲಿ ಒಬ್ಬ ಗೆಳೆಯ ಇರಬೇಕು. ತುಂಬಿದ ಬಂದೂಕು ಇರಬಾರದು. ಇಷ್ಟು ಸಾಕು ಇದರ ಬಗ್ಗೆ. ಯಾರಿಗಾದರೂ ಅಂಥ ರಾತ್ರಿ ಬಂದರೆ ನಮ್ಮ ಕೋಣೆಯ ಬಾಗಿಲು ಬಡಿಯಿರಿ, ಎಷ್ಟು ಹೊತ್ತಾದರೂ ಸರಿ.

ಜಗಳ ಬೆಳಗಿನ ಜಾವದವರೆಗೂ ನಡೆಯಿತು. ಕೊನೆಗೆ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ದೊಡ್ಡಪ್ಪ ಕೇಳಿದರು: "ಲೇ ಮಕ್ಕಳಾ, ನಮಗೊಂದು ಕೊಡಿ ಅಂತ ಯಾಕೆ ಕೇಳ್ತೀರ? ಅವರದನ್ನ ಇಳಿಸಿ ಅಂತ ಕೇಳಕ್ಕಾಗಲ್ವಾ?"

ಆ ಮಾತೇ ನಮ್ಮ ಅರ್ಜಿಯಾಗಿದೆ. ಮೂರನೇ ನಿಯಮದಲ್ಲಿ ಅವರ ಪರವಾನಗಿ ರದ್ದು ಮೊದಲು ಬರುತ್ತೆ, ನಮಗೆ ಪರವಾನಗಿ ಕೊಡೋದು ಆಮೇಲೆ. ಮೊದಲನೆಯದನ್ನು ಮೊದಲು ಮಾಡಿ ಅಂತ ಕೇಳ್ತಿದ್ದೀವಿ. ಆಗಲ್ಲ ಅನ್ನೋಕೆ ಅವರಿಗೆ ದಾರಿ ಕಡಿಮೆ. ಪ್ರತಿ ಚುನಾವಣೆಯಲ್ಲೂ ಪರವಾನಗಿ ಬಂದೂಕುಗಳನ್ನು ಠಾಣೆಗೆ ಜಮಾ ಮಾಡಿಸಿಕೊಳ್ಳುತ್ತಾರೆ. ಗೋಡೆಯ ಮೇಲಿನ ಬಂದೂಕು ಓಟಿನ ಪೆಟ್ಟಿಗೆಯವರೆಗೂ ಕೈ ಚಾಚುತ್ತೆ ಅಂತ ಸರ್ಕಾರಕ್ಕೆ ಗೊತ್ತಿದೆ ಅಂತಾಯಿತಲ್ಲ! ಓಟಿಗೆ ಒಂದೂವರೆ ತಿಂಗಳು ಇಳಿಸುವುದಾದರೆ ದೊಡ್ಡಪ್ಪನ ಎರಡು ಎಕರೆ ಅಳೆದು ಕಲ್ಲು ನೆಡುವವರೆಗೆ ಇಳಿಸೋಕೆ ಏನು ಕಷ್ಟ? ಶಸ್ತ್ರಾಸ್ತ್ರ ಕಾಯಿದೆಯ 17ನೇ ಕಲಮಿನಲ್ಲೂ ಸಾರ್ವಜನಿಕ ಶಾಂತಿ, ಸುರಕ್ಷತೆಗಾಗಿ ಪರವಾನಗಿ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಝಳಪಿಸುವುದನ್ನು ನಿಷೇಧಿಸಿವೆ. ಟವೆಲ್ ಹಾಸಿ ಮಲಗಿಸುವುದು ಝಳಪಿಸುವುದು ಹೌದೋ ಅಲ್ಲವೋ ಅಂತ ವಾದ ಮಾಡಲಿ, ನಾವು ಕಾಯ್ತೀವಿ.

ಬರೀ ಅರ್ಜಿಯಿಂದ ಏನಾಗುತ್ತೆ ಅಂತ ಹಿಂದಿನ ಸಾಲಿನಲ್ಲಿ ಗೊಣಗೋದು ಕೇಳಿಸಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಯವರು, ಅವರಲ್ಲಿ ನಮ್ಮವರೂ ಇದ್ದರು, 1,777 ಎಕರೆ ಬಿಡಲ್ಲ ಅಂತ 2022ರಿಂದ ಧರಣಿ ಕೂತರು. ಮೂರು ವರ್ಷಕ್ಕೂ ಹೆಚ್ಚು. ಲಾಠಿ, ಕೇಸು ಎಲ್ಲ ಆಯಿತು. 2025ರ ಜುಲೈ 15ರಂದು ಸರ್ಕಾರ ಆ ಭೂಸ್ವಾಧೀನ ಕೈಬಿಟ್ಟಿತು. ಅವರ ಹತ್ತಿರ ಇದ್ದದ್ದು ಒಂದು ಪೆಂಡಾಲು. ಹಾಗಂತ ಪೆಂಡಾಲು ಕಟ್ಟಿದ ಕಡೆಯೆಲ್ಲ ಗೆಲ್ತೀವಿ ಅಂತ ಸುಳ್ಳು ಹೇಳೋದಿಲ್ಲ. ಆಯುಧ ಹಿಡಿಯದವರನ್ನೂ ಬಿಡೋದಿಲ್ಲ. ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಕಲಬುರ್ಗಿಯವರನ್ನು, ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಕೊಂದದ್ದು ಒಂದೇ ನಾಡ ಪಿಸ್ತೂಲು ಅಂತ ಪರೀಕ್ಷೆಯಲ್ಲಿ ಕಂಡುಬಂತು. ಅವರ ಹತ್ತಿರ ಇದ್ದದ್ದು ಪೆನ್ನು. ಕವನ ಬರೆಯುವ ನಮಗೆ ಇದು ರಾತ್ರಿ ನೆನಪಾಗುತ್ತೆ. 1979ರಲ್ಲಿ ಬಂಡಾಯದವರು ಕಾವ್ಯ ಖಡ್ಗ ಆಗಬೇಕು ಅಂದಾಗ ನಾವು ಹುಟ್ಟಿರಲಿಲ್ಲ. ಆ ಘೋಷಣೆ ಕೂಗುತ್ತಲೇ ಬೆಳೆದೆವು. ಆದರೆ ಬಾನೆಟ್ಟಿನ ಮೇಲೆ ಬಂದೂಕ ಮಲಗಿದ್ದ ಹೊತ್ತಿನಲ್ಲಿ ನಮ್ಮ ಜೇಬಿನಲ್ಲಿ ಎರಡು ಕವನ ಇದ್ದವು, ಒಂದೂ ಬಾಯಿಗೆ ಬರಲಿಲ್ಲ ಅನ್ನೋದನ್ನೂ ಒಪ್ಪಿಕೊಳ್ಳಬೇಕು.

ಈಗ ಕೆಲಸದ ಮಾತು. ಸೋಮವಾರ ಬೆಳಿಗ್ಗೆ ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಹೋಗ್ತಿದ್ದೀವಿ. ಅರ್ಜಿಯಲ್ಲಿ ಮೂರೇ ಬೇಡಿಕೆ. ನಮ್ಮ ಊರನ್ನು ಮೂರನೇ ನಿಯಮದ ಕೆಳಗೆ ಗುರುತಿಸಬೇಕು, ಅಳತೆ ಮುಗಿಯುವವರೆಗೆ ಆ ಬಂದೂಕು ಜಮಾ ಆಗಬೇಕು, ಅಳತೆಯ ದಿನ ಪೊಲೀಸ್ ರಕ್ಷಣೆ ಬೇಕು. ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಿ ಅಂತ ಕೇಳ್ತೀವಿ. ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು, ಅದರ ಮುಂದೆಯೂ ಇದೇ ಕಾಗದ ಇಡ್ತೀವಿ. ನಮಗೆ ಪರವಾನಗಿ ಬೇಕು ಅನ್ನೋ ಬೇಡಿಕೆಯನ್ನು ಹುಡುಗರು ಪೂರ್ತಿ ಬಿಟ್ಟಿಲ್ಲ. ಈ ಅರ್ಜಿ ಕಸದಬುಟ್ಟಿಗೆ ಹೋದರೆ ಮುಂದಿನದು ಅದೇ ಅಂತ ಹೇಳಿದ್ದಾರೆ. ಆಗ ಏನಂತ ತಡೀತೀವೋ ಗೊತ್ತಿಲ್ಲ.

ಅರ್ಜಿಯ ಐದು ಪ್ರತಿ ಬೇಕು. ಅಕ್ಷರ ದುಂಡಗಿರುವವರು ಊಟ ಆದ ಮೇಲೆ ಕೆಳಗಿನ ಹಾಲಿಗೆ ಬನ್ನಿ. ಕಾಲೇಜಿಗೆ ಪರೀಕ್ಷೆ ಇರುವವರು ಬರೋದು ಬೇಡ, ಪರೀಕ್ಷೆ ಬರೀರಿ. ಬರುವವರು ಇವತ್ತು ರಾತ್ರಿಯೇ ಹೆಸರು ಕೊಡಿ, ಬಸ್ ಚಾರ್ಜು ಲೆಕ್ಕ ಹಾಕಬೇಕು. ದೊಡ್ಡಪ್ಪನೂ ಬರ್ತಾರೆ. ಹೊಸ ಚಪ್ಪಲಿ ಕೊಡಿಸಿದ್ದೀವಿ, ಭವನದ ಮೆಟ್ಟಿಲ ಹತ್ತಿರ ಬಿಟ್ಟುಬಿಡ್ತಾರೇನೋ, ಯಾರಾದರೂ ಒಬ್ಬರು ಪಕ್ಕದಲ್ಲೇ ಇರಿ.

ಜೈ ಭೀಮ್.